ಬೈಗುಳ ತೆಗೆದ ಕ್ರಿಸ್ಪಿನ್

ಓಬ್ದುಲಿಯಾಳ ಸಿಟ್ಟು ನಮ್ಮ ಗುಡ್ಡದೂರಿಗೆ ಹೊಸದಲ್ಲ. ರಸ್ತೆಬದಿಯಲ್ಲಿ ಇಡೀ ಹಂದಿಯನ್ನು ಕೆಂಡದ ಮೇಲೆ ತಿರುಗಿಸಿ ಸುಟ್ಟು ಮಾರುವ ಹೆಂಗಸು. ಮಾಂಸ ಕತ್ತರಿಸುತ್ತಲೇ ಗಿರಾಕಿಯ ಮಾನವನ್ನೂ ಕತ್ತರಿಸುತ್ತಿದ್ದಳು. ಆದರೆ ಕ್ರಿಸ್ಪಿನ್‌ನ ಶವಪೆಟ್ಟಿಗೆಯ ಮುಂದೆ ಅವಳು ಸಿಡಿದ ಹಾಗೆ ಸಿಡಿದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಪೋರ್ಟೊರಿಕೋದ ಈ ಗುಡ್ಡಗಳಲ್ಲಿ ಹಾಡುಗಾರರಿಗೆ ಸಭೆ ಕೊನೆಯ ಸಾಲೊಂದನ್ನು ಎಸೆಯುತ್ತದೆ. ಅದಕ್ಕೆ ಮುಟ್ಟುವಂತೆ ಮೊದಲಿನ ಒಂಬತ್ತು ಸಾಲುಗಳನ್ನು ನಿಂತ ನಿಲುವಿನಲ್ಲೇ ಕಟ್ಟಬೇಕು. ಇಬ್ಬರು ಎದುರುಬದುರಾದರೆ ಅದೇ ಜಗಳದ ಪದ. ಶಾಲೆ ಬಸ್ಸಿನ ಡ್ರೈವರ್ ಕ್ರಿಸ್ಪಿನ್ ಮತ್ತು ಓಬ್ದುಲಿಯಾ ಹರೆಯದಿಂದಲೂ ಹಾಗೆ ಹಾಡಿಕೊಂಡೇ ಜಗಳವಾಡಿದವರು. ಇಬ್ಬರ ನಡುವೆ ಕೂತು ತಂತಿ ಮೀಟುತ್ತಿದ್ದವನು ನಾನು.

"ಇವಳ ಹಂದಿ ಸತ್ತದ್ದು ಕತ್ತಿಯಿಂದಲ್ಲ, ಇವಳ ಹಾಡು ಕೇಳಿ ಎದೆಯೊಡೆದು" ಎಂದು ಅವನು ಹಾಡಿದರೆ, "ಇವನ ಬಸ್ಸಿಗೂ ಬ್ರೇಕಿಲ್ಲ, ಬಾಯಿಗೂ ಬ್ರೇಕಿಲ್ಲ, ಬಸ್ಸಾದರೂ ಹಳ್ಳ ಸಿಕ್ಕರೆ ನಿಲ್ಲುತ್ತದೆ" ಎಂದು ಅವಳು ಮರಳಿಸುತ್ತಿದ್ದಳು. ಅವಳ ಗಂಡ ನ್ಯೂಯಾರ್ಕಿಗೆ ಹೋಗಿ ಮರಳದಿದ್ದಾಗ, "ಹೋದದ್ದು ಕೆಲಸಕ್ಕಲ್ಲ, ಇವಳ ಬಾಯಿಗೆ ಹೆದರಿ" ಎಂದು ಕ್ರಿಸ್ಪಿನ್ ತುಂಬಿದ ಸಭೆಯಲ್ಲಿ ಹಾಡಿಬಿಟ್ಟ. ಅಂದಿನಿಂದ ಅವಳು ಅವನ ಮನೆಯ ಕಾಫಿ ಮುಟ್ಟಲಿಲ್ಲ. ಆದರೂ ಅವನು ಕಾಯಿಲೆ ಬಿದ್ದ ವರ್ಷ ಹಬ್ಬದ ಸ್ಪರ್ಧೆಗೆ ಕರೆದರೆ, "ಬೇರೆಯವರ ಜತೆ ನಂಗೆ ಬಾಯಿ ಬರಲ್ಲ" ಎಂದು ಕೂತಳು.

ಅವನು ಕಾಯಿಲೆ ಬೀಳುವ ಮೊದಲೇ ವಿಶ್ವವಿದ್ಯಾಲಯದಿಂದ ಯಾರಿಮಾರ್ ಎಂಬ ಸಂಶೋಧಕಿ ಬಂದಿದ್ದಳು. ಮನುಷ್ಯರು ಪದ ಕಟ್ಟುವ ಬಗೆಯನ್ನು ಯಂತ್ರ ಕಲಿಯಬಲ್ಲುದೇ ಎಂಬುದು ಅವಳ ಸಂಶೋಧನೆ. ಇಬ್ಬರೂ ಒಪ್ಪಿ, ಬೇಸಿಗೆಯುದ್ದಕ್ಕೂ ಅವಳ ಮುಂದೆ ಹಾಡಿದರು, ಅವಳು ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಳು. ಒಳ್ಳೆಯ ಹುಡುಗಿ, ಕ್ರಿಸ್ಪಿನ್ ಆಸ್ಪತ್ರೆ ಸೇರಿದಾಗ ನೋಡಲೂ ಬಂದಿದ್ದಳು.

ಅವನು ತೀರಿಕೊಂಡ ಮರುದಿನ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಊರೆಲ್ಲ ಸೇರಿತ್ತು. ಯಾರಿಮಾರ್ ಒಂದು ಸ್ಪೀಕರ್ ತಂದಿಟ್ಟಳು. ಯಂತ್ರ ಕಟ್ಟಿದ ಪದಗಳು ಅದರಿಂದ ಕ್ರಿಸ್ಪಿನ್‌ನದೇ ದನಿಯಲ್ಲಿ ಬಂದವು. ಮೊದಲು ಹೆಂಡತಿ ಪ್ರೋವಿಗೆ ಒಂದು ಪದ, ಆಮೇಲೆ ಇನ್ನೊಂದು: "ತಂಗೀ ಓಬ್ದುಲಿಯಾ, ಮುನಿಸು ಸಾಕಿನ್ನು, ಗುಡ್ಡದ ಹೂವೆಲ್ಲ ನಿನ್ನದೇ ಹಾಡು..." ಜನ ಕಣ್ಣೊರೆಸಿಕೊಂಡರು.

"ನಿಲ್ಸೇ ಅದನ್ನ!"

ಓಬ್ದುಲಿಯಾ ಕುರ್ಚಿ ತಳ್ಳಿ ಎದ್ದಿದ್ದಳು. "ತಂಗಿಯಂತೆ! ಇವನು ಬದುಕಿದ್ದಾಗ ನನ್ನನ್ನ ಹಂದಿಗಿಂತ ಮೇಲೆ ಅಂದದ್ದು ಯಾರಾದ್ರೂ ಕೇಳಿದೀರಾ? ಹೂವಂತೆ, ಹೂವು! ಹೂವಿನ ಸುದ್ದಿ ಎತ್ತಿದೋರನ್ನ ಕ್ರಿಸ್ಪಿನ್ ವೇದಿಕೆಯಿಂದ ಇಳಿಸೋ ತಂಕ ಬಿಡ್ತಿರ್ಲಿಲ್ಲ."

"ಅಮ್ಮಾ, ಅವ್ರ ಹಾಡುಗಳಿಂದ್ಲೇ ಕಲ್ತಿದ್ದು ಅದು," ಎಂದಳು ಯಾರಿಮಾರ್, ಮುಖ ಕೆಂಪಾಗಿ.

"ಹಂಗಾದ್ರೆ ಬೈಗುಳ ಎಲ್ಲಿ?"

"ಬೈಗುಳ, ಅವಮಾನ ಇದ್ದದ್ದನ್ನೆಲ್ಲ ಮೊದ್ಲೇ ತೆಗೆದಿದ್ವಿ. ಯಂತ್ರ ಕೆಟ್ಟದ್ದು ಕಲೀಬಾರ್ದಲ್ಲ."

"ಸರಿ ಹೋಯ್ತು! ತಿರುಳು ಬಿಸಾಕಿ ಸಿಪ್ಪೆ ಇಟ್ಕೊಂಡಿದೀರ. ನನ್ನ ಸೋಲ್ಸೋಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬೈಗುಳ ಮಸೀತಿದ್ದ ಆ ಮನುಷ್ಯ! ಸತ್ತ ಅಂತ ಬಾಯಿ ತೊಳೆದು ಬಿಟ್ರಾ?"

ಆಗ ಪ್ರೋವಿ ಪೆಟ್ಟಿಗೆಯ ಪಕ್ಕದಿಂದ ಎದ್ದು ಬಂದಳು. ದನಿ ಎತ್ತಲಿಲ್ಲ. "ನಿಂಗೇನೇ ಕೊರತೆ? ಬೈದೋ ಅಂದೋ, ಜೀವಮಾನವೆಲ್ಲ ನಿಂಗೇ ಪದ ಕಟ್ಟಿದ. ಊಟಕ್ಕೆ ಕೂತ್ರೂ ನಿಂಗೇನು ಉತ್ತರ ಕೊಡೋದು ಅನ್ನೋದೇ ಯೋಚ್ನೆ. ನಂಗೆ ಒಂದು ಸಾಲು ಕಟ್ಲಿಲ್ಲ. ಇವತ್ತು ಈ ಡಬ್ಬ ಕಟ್ತು. ಅದೂ ಬೇಡ್ವಾ ನಂಗೆ?"

ಓಬ್ದುಲಿಯಾ ತಾನು ತಳ್ಳಿದ್ದ ಕುರ್ಚಿಯನ್ನು ನೆಟ್ಟಗಿಟ್ಟಳು. ಶವಕ್ಕೂ ಬೆನ್ನು ಹಾಕಿ ಹೊರಟುಹೋದಳು.

ಮರುವಾರ ನನ್ನನ್ನು ಎಳೆದುಕೊಂಡು ವಿಶ್ವವಿದ್ಯಾಲಯಕ್ಕೆ ನುಗ್ಗಿದಳು. ತನ್ನ ಹಾಡುಗಳನ್ನು ಯಂತ್ರದಿಂದ ಕಿತ್ತು ಕೊಡಬೇಕೆಂದು ಮೇಜು ಗುದ್ದಿದಳು. ಒಮ್ಮೆ ಕಲಿತದ್ದನ್ನು ಹಾಗೆ ಬೇರ್ಪಡಿಸಲಾಗದು ಎಂದು ಯಾರಿಮಾರ್ ಒಪ್ಪಿಕೊಂಡಳು. ಸತ್ತವನ ದನಿಯಲ್ಲಿ ಇನ್ನು ಹೊಸ ಪದ ಮಾಡುವುದಿಲ್ಲವೆಂದು ಮಾತು ಕೊಟ್ಟಳು. ತೆಗೆದಿಟ್ಟಿದ್ದ ಬೈಗುಳದ ಪದಗಳನ್ನೆಲ್ಲ, ಒಂದೂ ಬಿಡದೆ, ನಮ್ಮೂರ ಗ್ರಂಥಾಲಯಕ್ಕೆ ತಂದುಕೊಟ್ಟಳು. ಬಯಸಿದವರು ಈಗ ಅಲ್ಲಿ ಕೂತು ಕೇಳಬಹುದು. ಓಬ್ದುಲಿಯಾ ಅವಳಿಗೆ ಥ್ಯಾಂಕ್ಸ್ ಹೇಳಲಿಲ್ಲ.

ಪ್ರೋವಿಯ ಪದವನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ. ಅವಳ ಮನೆ ಹಂದಿ ಅಂಗಡಿಯ ಎದುರಿಗೇ ಇದೆ. ಸಂಜೆ ಕಿಟಕಿಯಿಂದ ಆ ಸಕ್ಕರೆ ಮಾತು ಹರಿದು ಬಂದಾಗಲೆಲ್ಲ ಓಬ್ದುಲಿಯಾ ಗಿರಾಕಿಗಳ ಮೇಲೆ ಹರಿಹಾಯುತ್ತಾಳೆ. ನಿಲ್ಲಿಸು ಎಂದು ಪ್ರೋವಿಗೆ ಕೂಗಿ ಹೇಳಿದ್ದು ಇಲ್ಲ. ಮೊನ್ನೆ ಅವಳ ಅಂಗಡಿಯಲ್ಲಿ ನಾನು, "ಇನ್ನೂ ಸಿಟ್ಟು ಇಳೀಲಿಲ್ವೇನೇ?" ಎಂದು ಕೇಳಿದೆ.

"ಯಾಕೆ ಇಳೀಬೇಕು?" ಎಂದಳು. "ತಿನ್ನೋದಾದ್ರೆ ತಿನ್ನು, ಇಲ್ಲಾ ಜಾಗ ಬಿಡು."