ಸೀಸೆ ಅಕ್ಕನ ಎಂಟು ತಿಂಗಳು

ಐದು ದೇಶಗಳನ್ನು ಹಾದು ಬರುವ ನದಿ ಅದು. ಕವಲೊಡೆದು ಕಡಲಿಗೆ ಇಳಿಯುವಲ್ಲಿದ್ದ ಪ್ರಯೋಗಾಲಯದಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಸೀಸೆ ತೊಳೆಯುತ್ತಿದ್ದಳು. ಎಲ್ಲರೂ ಅವಳನ್ನು ಸೀಸೆ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮುಖ್ಯಸ್ಥರೂ.

ಐದೂ ದೇಶಗಳ ವಿಜ್ಞಾನಿಗಳು ಕೂಡಿ ನದಿಯನ್ನೂ ಕಡಲನ್ನೂ ಪರೀಕ್ಷಿಸುವ ಯೋಜನೆ ಶುರುವಾದ ಮೇಲೆ ಅವಳ ಕೆಲಸ ಮೂರು ಪಟ್ಟಾಯಿತು. ದೋಣಿಗಳಿಂದ, ಅಳಿವೆಯಿಂದ ಸೀಸೆಗಳು ಬರುತ್ತಲೇ ಇದ್ದವು. ಒಂದೊಂದನ್ನೂ ಉಜ್ಜಿ, ಆರು ಸಲ ಜಾಲಿಸಿ, ಬೋರಲು ಹಾಕಿ, ಒಣಗಿದ ಮೇಲೆ ಚೀಟಿ ಅಂಟಿಸಬೇಕು. ಸಂಜೆ ಹೊತ್ತಿಗೆ ಸೊಂಟ ತನ್ನದೇ ಅಲ್ಲ ಅನ್ನಿಸುತ್ತಿತ್ತು. ಮನೆಯಲ್ಲಿ ಗಂಡ, “ತಟ್ಟೆ ನಾನೇ ತೊಳೀತೀನಿ ಬಿಡು. ನೀನು ತೊಳೆದ್ರೆ ಅದಕ್ಕೂ ಚೀಟಿ ಅಂಟಿಸಿ ಇಡ್ತೀಯ” ಎನ್ನುತ್ತಿದ್ದ. ನಗುವುದಕ್ಕೂ ಅವಳಲ್ಲಿ ತ್ರಾಣ ಇರುತ್ತಿರಲಿಲ್ಲ.

ಒಂದು ದಿನ ಉಗ್ರಾಣದಿಂದ ಹೊಸ ಸೋಪಿನ ಪುಡಿ ಬಂತು.

“ಸಾರ್, ಈ ಪುಡಿ ಬೇರೆ ಥರ ಇದೆ. ಎಷ್ಟು ಜಾಲಿಸಿದ್ರೂ ಸೀಸೆ ಜಾರ್ತಾನೇ ಇರುತ್ತೆ” ಎಂದಳು ಮುಖ್ಯಸ್ಥರಿಗೆ.

“ಇನ್ನೆರಡು ಸಲ ಜಾಲಿಸಿ ಅಕ್ಕ. ನಂಗೀಗ ಮೀಟಿಂಗ್ ಇದೆ.”

ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಹೇಳಲು ಹೋಗಲಿಲ್ಲ. ಆರರ ಬದಲು ಎಂಟು ಸಲ ಜಾಲಿಸತೊಡಗಿದಳು, ಅಷ್ಟೆ.

ಎಂಟು ತಿಂಗಳು ಕಳೆಯುವಷ್ಟರಲ್ಲಿ ದೇಶ ದೇಶಗಳ ನಡುವೆ ಮಾತು ಕೆಟ್ಟಿತು. ಈ ಪ್ರಯೋಗಾಲಯದ ಪ್ರಕಾರ ನೀರಿನಲ್ಲಿ ಫಾಸ್ಫೇಟ್ ವಿಪರೀತವಿತ್ತು. ನಿಮ್ಮ ಹೊಲದ ಗೊಬ್ಬರವೆಲ್ಲ ನಮ್ಮ ಕಡಲಿಗೆ ಬರುತ್ತಿದೆ ಎಂದು ಇವರು ಬರೆದರು. ನಿಮ್ಮ ಅಂಕಿಗಳೇ ಸುಳ್ಳು ಎಂದು ನದಿಯ ಮೇಲ್ಭಾಗದ ದೇಶದವರು ಬರೆದು, ತಮ್ಮ ಮಾಹಿತಿ ಕಳಿಸುವುದನ್ನೇ ನಿಲ್ಲಿಸಿದರು. ಕೊನೆಗೆ ಅಲ್ಲಿಂದ ವಿಜ್ಞಾನಿಯೊಬ್ಬರು ತಾವೇ ನೋಡುತ್ತೇನೆಂದು ಬಂದರು. ನಡುವಯಸ್ಸಿನ ಹೆಂಗಸು, ಕಡಿಮೆ ಮಾತು. ಎರಡು ದಿನ ಯಂತ್ರಗಳನ್ನೆಲ್ಲ ಪರೀಕ್ಷಿಸಿದರೂ ದೋಷ ಸಿಗಲಿಲ್ಲ. ಮೂರನೇ ದಿನ ಸೀಸೆ ತೊಳೆಯುವ ಕೋಣೆಗೆ ಬಂದು, ಸೋಪಿನ ಪುಡಿಯ ಡಬ್ಬಿಯತ್ತ ಕೈ ತೋರಿಸಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು.

“ಇದು ಯಾವಾಗಿಂದ ಬಳಸ್ತಿದ್ದೀರಿ ಅಂತ ಕೇಳ್ತಿದ್ದಾರೆ” ಎಂದರು ಮುಖ್ಯಸ್ಥರು.

“ಎಂಟು ತಿಂಗಳಾಯ್ತು. ಬಂದಾಗಲೇ ನಿಮಗೆ ಎರಡು ಸಲ ಹೇಳಿದ್ದೆ, ಅದನ್ನೂ ಹೇಳಿ ಸಾರ್.”

ಮುಖ್ಯಸ್ಥರ ಮುಖ ಸಪ್ಪಗಾಯಿತು. ಆದರೂ ಅದನ್ನೂ ಹೇಳಿದರು.

ಆ ವಿಜ್ಞಾನಿ, ತೊಳೆದಿಟ್ಟಿದ್ದ ಸೀಸೆಯೊಂದಕ್ಕೆ ಬರೀ ಶುದ್ಧ ನೀರು ತುಂಬಿಸಿ ರಾಸಾಯನಿಕ ಹಾಕಿದರು. ಫಾಸ್ಫೇಟ್ ಇದ್ದರೆ ನೀರು ನೀಲಿಗೆ ತಿರುಗಬೇಕು. ತಿರುಗಿತು. ಪುಡಿಯಲ್ಲಿದ್ದ ಫಾಸ್ಫೇಟ್ ಗಾಜಿಗೇ ಅಂಟಿಕೊಂಡಿತ್ತು. ಎಂಟು ತಿಂಗಳ ಅಂಕಿಗಳೆಲ್ಲ ನೀರಿನಲ್ಲಿ ಹೋಮ.

ಆ ಸಂಜೆ ಚಪ್ಪಲಿ ಕಳಚುತ್ತಲೇ ಗಂಡನಿಗೆ ಎಲ್ಲ ಹೇಳಿದಳು.

“ಹಾಗಾದ್ರೆ ನೀನೇ ಗೆದ್ದೆ ಅನ್ನು!”

“ಗೆದ್ದಿದ್ದೇನು ಬಂತು? ಖುಷಿನೂ ಆಗ್ಲಿಲ್ಲ ಕಣ್ರೀ. ಎಲ್ಲಾ ಮತ್ತೆ ತೊಳೀಬೇಕಲ್ಲ ಅನ್ನಿಸ್ತು.”

ತೊಳೆದಳು. ಸಾವಿರದ ಇನ್ನೂರು ಸೀಸೆಗಳನ್ನು ನೀರು ಬೆರೆಸಿದ ಆಮ್ಲದಲ್ಲಿ ನೆನೆಹಾಕಿ, ಮತ್ತೆ ಜಾಲಿಸಿ ಮುಗಿಸಲು ಏಳು ವಾರ ಹಿಡಿಯಿತು. ಕೈಗವಸಿನೊಳಗೆ ಬೆರಳುಗಳು ಬಿರಿದವು. ಹೊಸ ಅಂಕಿಗಳು ಎರಡೂ ಕಡೆ ಹೆಚ್ಚುಕಡಿಮೆ ಹೊಂದಿಕೊಂಡವು. ಮೇಲಿನ ದೇಶ ಮತ್ತೆ ಮಾಹಿತಿ ಕಳಿಸತೊಡಗಿತು. ಜಂಟಿ ವರದಿಯಲ್ಲಿ, ಸೀಸೆ ತೊಳೆಯುವ ಕ್ರಮವನ್ನು ಸರಿಪಡಿಸಲಾಗಿದೆ ಎಂಬ ಒಂದು ಸಾಲು ಇತ್ತು. ಮುಖ್ಯಸ್ಥರು ಅದನ್ನು ಅವಳಿಗೆ ಓದಿ ಹೇಳಿ, “ತಪ್ಪು ನಂದೇ ಅಕ್ಕ” ಎಂದರು.

“ಆಗ್ಲಿ ಸಾರ್. ಒಂದು ವಾರ ರಜೆ ಕೊಡಿ.”

ನಾಲ್ಕು ದಿನ ಸಿಕ್ಕಿತು. ಮೊದಲ ದಿನ ಎಚ್ಚರವಾದಾಗ ಮಧ್ಯಾಹ್ನವಾಗಿತ್ತು. ಗಂಡ ಊಟ ಮುಚ್ಚಿಟ್ಟು ಕೆಲಸಕ್ಕೆ ಹೋಗಿದ್ದ. ಅವಳು ಎದ್ದು ನೀರು ಕುಡಿದು, ಮಗ್ಗುಲು ಬದಲಿಸಿ ಮತ್ತೆ ಮಲಗಿದಳು.