ಕೆರೆಯಿಂದ ಮನೆಗೆ ಮಾತ್ರ

ನಮ್ಮತ್ತೆಯ ಬಲಗೈ ಉಗುರುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಮದರಂಗಿಯ ಕೆಂಪಲ್ಲ, ಅಡಿಕೆ ಸುಲಿದ ಕಲೆಯೂ ಅಲ್ಲ. ಹುಣಿಸೆಹಣ್ಣು ಕಾಣದ ಹಳೇ ತಾಮ್ರದ ಚೊಂಬಿನ ಬಣ್ಣ. ಕಡೂರಿನ ನಮ್ಮ ಮನೆಗೆ ಅವರು ಹೆಣ್ಣು ನೋಡಲು ಬಂದ ದಿನ ಅದನ್ನು ಮೊದಲು ಕಂಡದ್ದು ನನ್ನ ಅಮ್ಮ. ಕಾಫಿ ಲೋಟ ಹಿಡಿದ ಆ ಬೆರಳುಗಳನ್ನು ನೋಡಿದವಳೇ ಅಡುಗೆಮನೆಗೆ ಬಂದು, "ಬೀಗಿತ್ತಿ ಬೀಡಿ ಸೇದ್ತಾರೆ ಅಂತ ಕಾಣುತ್ತೆ ಕಣೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಮ್ಮನ ಪಿಸುಮಾತು ಬೀದಿಗೆಲ್ಲ ಕೇಳುವಂಥದ್ದು. ನಡುಮನೆಯಿಂದಲೇ ಉತ್ತರ ಬಂತು: "ಬೀಡಿ ಅಲ್ಲ ಕಣ್ರೀ, ಕೆರೆ ಸೊಪ್ಪು ತೊಳೆಯೋ ಔಷಧಿ."

ಆಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದೇನೂ ಕೇಳಲಿಲ್ಲ. "ನೀರಿಗೆ ಇಳಿಯೋಕೆ ಹೆದರ್ತೀಯೇನೇ?" ಅಂದರು. ನನಗೆ ಈಜು ಬರಲ್ಲ ಅಂದೆ. "ಈಜು ಯಾರಿಗೆ ಬೇಕು? ಮೊಣಕಾಲುದ್ದ ನೀರಲ್ಲಿ ನಿಂತ್ಕೊಂಡ್ರೆ ಸಾಕು" ಎಂದು ಲೋಟ ಕೆಳಗಿಟ್ಟರು. ಮದುವೆ ಗಟ್ಟಿಯಾದದ್ದು ಹಾಗೆ.

ಅಜ್ಜಂಪುರದ ಹತ್ತಿರದ ಊರು ನನ್ನ ಗಂಡನ ಮನೆಯದು. ಒಂದಿಷ್ಟು ಹೊಲ, ಒಂದು ತೆಂಗಿನ ತೋಟ, ಎದುರಿಗೇ ಊರ ಕೆರೆ. ಮಾವ ತೀರಿಕೊಂಡ ಮೇಲೆ ಅತ್ತೆ ತರೀಕೆರೆಯಲ್ಲಿ ಹಲ್ಲು ತೋರಿಸಲು ಹೋಗುತ್ತಿದ್ದರಂತೆ. ಆ ಹಲ್ಲಿನ ಡಾಕ್ಟರು ಕ್ಲಿನಿಕ್ ಮುಚ್ಚುವಾಗ, ಅಲ್ಲಿದ್ದ ಗಾಜಿನ ಮೀನುತೊಟ್ಟಿಯನ್ನು ಕೇಳಿ ಪಡೆದು, ಲಗೇಜ್ ಆಟೋದಲ್ಲಿ ಮಡಿಲಿಗೆ ಒತ್ತಿ ಹಿಡಿದುಕೊಂಡು ಬಂದಿದ್ದರು. ಅದರಲ್ಲಿದ್ದ ಹಸಿರು ಪ್ಲಾಸ್ಟಿಕ್ ಗಿಡಗಳನ್ನು ಮೊದಲ ದಿನವೇ ಕಿತ್ತು ಬಿಸಾಡಿದರು. "ಮೀನಿಗೆ ಪ್ಲಾಸ್ಟಿಕ್ ಸೊಪ್ಪು ಇಡೋರ ತಟ್ಟೆಗೆ ಪ್ಲಾಸ್ಟಿಕ್ ಮುದ್ದೆ ಬಡಿಸಬೇಕು" ಎನ್ನುವುದು ಅವರ ತೀರ್ಪು.

ನಿಜವಾದ ಗಿಡ ಬೇಕಲ್ಲ? ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆರೆಗೆ ಇಳಿದರು. ಊರಿಗೆ ಅಲ್ಲಿಂದ ಶುರುವಾಯಿತು ಹೊಟ್ಟೆನೋವು. ಗಂಡ ಸತ್ತವಳು ಹಾಡಹಗಲಲ್ಲಿ ಕೆರೆಯಲ್ಲಿ ನಿಂತು ಪಾಚಿ ಕೀಳುತ್ತಾಳೆ ಎಂದು ಎಲ್ಲರಿಗಿಂತ ಹೆಚ್ಚು ನೊಂದುಕೊಂಡವರು ನಮ್ಮ ದೊಡ್ಡಮಾವ, ಅಂದರೆ ಮಾವನ ಅಣ್ಣ. ಮನೆಯ ಹಿರಿಯರು, ಅವರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಅತ್ತೆ ತೆಗೆದುಹಾಕಿದರು. "ಹೊಲದಲ್ಲಿ ಕಳೆ ಕೀಳೋಕೆ ಹಿಂಗೇ ಸೀರೆ ಎತ್ತಿ ಕಟ್ಟಿದ್ದೆ ಭಾವ, ಇಪ್ಪತ್ತೊರ್ಷ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಈಗ ಬಿತ್ತಾ?" ಎಂದರು. ದೊಡ್ಡಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ನಾನು ಸೊಸೆಯಾಗಿ ಬಂದಾಗ ಈ ಕೆಲಸಕ್ಕೆ ಒಂದು ಕ್ರಮವೇ ಆಗಿತ್ತು. ಬೆಳಗಿನ ಬಿಸಿಲು ಏರುವ ಮೊದಲು ನೀರಿಗೆ ಇಳಿಯಬೇಕು. ಕಾಲಲ್ಲೇ ತಡವಿ ಗಿಡ ಹುಡುಕಬೇಕು. ಉದ್ದೆಲೆಯದಕ್ಕೆ ರಿಬ್ಬನ್ ಹುಲ್ಲು, ಕವಲು ಕವಲಾಗಿ ತೇಲುವುದಕ್ಕೆ ಜಡೆಸೊಪ್ಪು ಎಂದು ಅವರೇ ಹೆಸರಿಟ್ಟಿದ್ದರು. ಒಂದು ಜಾಗದಲ್ಲಿ ಒಂದೇ ಹಿಡಿ, ಅದೂ ಅಂಚಿನಿಂದ. ಅಪರೂಪಕ್ಕೆ ಬಸ್ಸು ಹತ್ತಿ ಬುಕ್ಕಾಂಬುಧಿಯ ದೊಡ್ಡ ಕೆರೆಗೂ ಹೋಗುತ್ತಿದ್ದೆವು. ಬರುವಾಗ ಒದ್ದೆ ಗೋಣಿಚೀಲದಿಂದ ನೀರು ಸೋರಿ ಕಂಡಕ್ಟರಿಂದ ಬೈಸಿಕೊಳ್ಳುತ್ತಿದ್ದೆವು. ಅತ್ತೆ ಅವನಿಗೂ ತಿರುಗಿ ಬೈಯುತ್ತಿದ್ದರು.

ಮನೆಗೆ ಬಂದ ಮೇಲೆ ತೊಳೆಯುವ ಕೆಲಸ. ಎಲೆಯ ಹಿಂಬದಿಗೆ ಅಂಟಿದ ಲೋಳೆಯಂಥ ಬಸವನಹುಳದ ಮೊಟ್ಟೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಬೇಕು. ಆಮೇಲೆ ದನಗಳಿಗೆ ಕಾಲುಬಾಯಿ ಜ್ವರ ಬಂದಾಗ ಗೊರಸು ತೊಳೆಯುತ್ತಿದ್ದ ನೇರಳೆ ಪುಡಿಯನ್ನು ಬಕೆಟ್ ನೀರಿಗೆ ಒಂದು ಚಿಟಿಕೆ ಹಾಕಿ ಅದರಲ್ಲಿ ಮುಳುಗಿಸಬೇಕು. ನೀರು ತಿಳಿ ಗುಲಾಬಿ ಇರಬೇಕು, ಗಾಢವಾದರೆ ಎಲೆ ಸುಟ್ಟುಹೋಗುತ್ತದೆ. ಎಷ್ಟು ಹೊತ್ತು ಅಂದರೆ, ಅತ್ತೆ ಒಂದು ಎಲೆಯಡಿಕೆ ಹಾಕಿಕೊಂಡು ಅಗಿದು ಉಗಿಯುವಷ್ಟು ಹೊತ್ತು. ಉಗಿದು ಬಂದವರೇ ಬರಿಗೈಯನ್ನು ಬಕೆಟ್ಟಿಗೆ ಹಾಕಿ ಗಿಡ ಎತ್ತುತ್ತಿದ್ದರು. ಆ ಉಗುರಿನ ಬಣ್ಣದ ಮೂಲ ಅದು. ಗ್ಲೌಸ್ ತಂದುಕೊಟ್ಟೆ, ಅದನ್ನು ತೆಂಗಿನ ಸಸಿಗೆ ಬೆದರುಬೊಂಬೆಯ ಕೈ ಮಾಡಿದರು.

ಅಷ್ಟಾದರೂ ಗಿಡಕ್ಕೆ ಗಾಜಿನ ತೊಟ್ಟಿಗೆ ಪ್ರವೇಶವಿರಲಿಲ್ಲ. ಮನೆಯೊಳಗಿನ ಹಳೇ ಕೊಟ್ಟಿಗೆಯ ಮುಂದೆ ದನ ನೀರು ಕುಡಿಯುತ್ತಿದ್ದ ಕಲ್ಲುಬಾನಿಗಳು ಖಾಲಿ ಬಿದ್ದಿದ್ದವು. ಹುಣ್ಣಿಮೆಗೆ ತಂದದ್ದು ಅಮಾವಾಸ್ಯೆವರೆಗೆ ಅದರಲ್ಲಿರಬೇಕು. ಇಷ್ಟು ತೊಳೆದ ಮೇಲೂ ಯಾಕೆ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲದ ನೆಂಟ್ರು ಬಂದ್ರೆ ಅವತ್ತೇ ಅಡುಗೆಮನೆಗೆ ಬಿಟ್ಕೋತೀಯೇನೇ? ಜಗಲಿ ಮೇಲೆ ಕೂತಿರಲಿ. ಅವರ ಬುದ್ಧಿ ಏನು ಅಂತ ಗೊತ್ತಾಗ್ಲಿ" ಅಂದರು. ಮೊದಲ ಸಲ ಅವರೇ ಹಸಿಹಸಿಯಾಗಿ ತಂದು ಹಾಕಿದಾಗ, ಸೊಪ್ಪಿನೊಳಗೆ ಅಡಗಿ ಬಂದ ನೀರುಹುಳ ಮೀನುಮರಿಗಳನ್ನೆಲ್ಲ ತಿಂದುಹಾಕಿತ್ತಂತೆ. ಔಷಧಿ ನೀರನ್ನೂ ಚರಂಡಿಗೆ ಚೆಲ್ಲುತ್ತಿರಲಿಲ್ಲ, ಚರಂಡಿ ಹೋಗಿ ಸೇರುವುದು ಕೆರೆಗೆ. ದೂರದ ಬೇಲಿಯ ಬುಡಕ್ಕೆ ಹೊತ್ತುಕೊಂಡು ಹೋಗಿ ಸುರಿಯುತ್ತಿದ್ದರು.

ಕೆರೆಯಿಂದ ಮನೆಗೆ ಬರಬಹುದು, ಮನೆಯಿಂದ ಕೆರೆಗೆ ಒಂದು ಎಲೆಯೂ ಹೋಗಬಾರದು. ಇದು ಅವರ ಕಟ್ಟುನಿಟ್ಟು. ಅದಕ್ಕೆ ಕಾರಣ ನನಗೆ ತಿಳಿದದ್ದು ಲಿಂಗದಹಳ್ಳಿಯ ಆಚೆ ಒಂದು ಕಟ್ಟೆಯ ಹತ್ತಿರ. ಅಲ್ಲಿ ಒಳ್ಳೆ ಸೊಪ್ಪಿದೆ ಎಂದು ಯಾರೋ ಹೇಳಿದ್ದರಿಂದ ಹೋಗಿದ್ದೆವು. ಸೊಪ್ಪಿರಲಿ, ಒಂದು ಎಸಳು ಪಾಚಿಯೂ ಇರಲಿಲ್ಲ. ಬಲೆ ಎಳೆಯುತ್ತಿದ್ದವನೊಬ್ಬ ಬಾಯಿಗೆ ಬಂದಂತೆ ಬೈಯುತ್ತ ದಡಕ್ಕೆ ಕಪ್ಪು ಮೀನು ಎಸೆಯುತ್ತಿದ್ದ. ಮೈತುಂಬ ಮುಳ್ಳು, ಹೊಟ್ಟೆಯ ಕೆಳಗೆ ಬಾಯಿ. ಪೇಟೆ ಮನೆಗಳಲ್ಲಿ ತೊಟ್ಟಿಯ ಗಾಜು ನೆಕ್ಕಲೆಂದು ಬೆರಳುದ್ದದ್ದು ತರುತ್ತಾರಲ್ಲ, ಅದೇ. "ಯಾರೋ ಪುಣ್ಯಾತ್ಮರು ತಂದು ಬಿಟ್ರು ತಾಯಿ. ತಿನ್ನೋಕಾಗಲ್ಲ, ಮಾರೋಕಾಗಲ್ಲ, ಬಲೆ ನೋಡಿ ಹೆಂಗೆ ಹರಿದೈತೆ" ಅಂದ. ಅತ್ತೆ ಆ ಬಲೆಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರಿಗೂ ಬೈಯಲಿಲ್ಲ.

ಆ ಪುಣ್ಯ ನಮ್ಮೂರಿಗೂ ಬಂತು, ದೊಡ್ಡಮಾವನ ರೂಪದಲ್ಲಿ. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಯಾರೋ ಮೀನುತೊಟ್ಟಿ ಉಡುಗೊರೆ ಕೊಟ್ಟಿದ್ದರು. ಆರು ತಿಂಗಳಿಗೆ ವಾಸನೆ ಬಂತು, ಬೇಜಾರು ಬಂತು. ಒಳ್ಳೆ ದಿನ ನೋಡಿ, ಮೀನುಗಳನ್ನು ಬಕೆಟ್ಟಿಗೆ ಹಾಕಿ, ಅರಿಶಿನ ಕುಂಕುಮ ಊದುಬತ್ತಿ ಸಮೇತ ಕೆರೆ ಏರಿ ಹತ್ತಿದರು. ಸುದ್ದಿ ಮುಟ್ಟಿದಾಗ ಅತ್ತೆ ಮುದ್ದೆ ತೊಳಸುತ್ತಿದ್ದರು. ಬರಿಗಾಲಲ್ಲಿ ಓಡಿದರು, ನಾನು ಹಿಂದೆ. ಮುದ್ದೆಕೋಲು ಕೈಯಲ್ಲೇ ಇತ್ತು.

"ಭಾವ, ಬಕೆಟ್ ಕೆಳಗಿಡಿ."

"ಪುಣ್ಯದ ಕೆಲಸಕ್ಕೆ ಅಡ್ಡ ಬತ್ತೀಯೇನಮ್ಮಾ?"

"ಪುಣ್ಯ ನಿಮಗೆ, ಶನಿ ಕೆರೆಗೆ. ಸಾಕೋಕಾಗ್ದಿದ್ರೆ ನಂಗೆ ಕೊಡಿ."

ಏರಿಯ ಮೇಲೆ ಕೂತಿದ್ದವರು ಕೋಲು ನೋಡಿ ನಕ್ಕರು. ದೊಡ್ಡಮಾವ ಬಕೆಟ್ ಅಲ್ಲೇ ಇಟ್ಟು ಇಳಿದುಹೋದರು. ಆ ನಗುವನ್ನು ಅವರು ಮರೆಯಲಿಲ್ಲ. ಬಕೆಟ್ಟಿನಲ್ಲಿ ಕಪ್ಪು ಮೀನೂ ಒಂದಿತ್ತು. ನಮ್ಮ ಕಲ್ಲುಬಾನಿ ಸೇರಿ, ಅತ್ತೆ ಹಾಕಿದ ಸೌತೆಕಾಯಿ ತಿಂದು ಮೊಳದುದ್ದ ಬೆಳೆಯಿತು. ಅತ್ತೆ ಅದನ್ನು "ಭಾವನ ಆಸ್ತಿ" ಎಂದೇ ಕರೆಯುತ್ತಿದ್ದರು.

ಹೋದ ವರ್ಷ ಅತ್ತೆಗೆ ಎದೆಯಲ್ಲಿ ನೀರು ತುಂಬಿಕೊಂಡಿತು. "ಕೆರೆ ನೀರಲ್ಲ ತಾನೇ ಡಾಕ್ಟ್ರೇ?" ಎಂದು ಆಸ್ಪತ್ರೆಯಲ್ಲೂ ತಮಾಷೆ. ಆದರೆ ಅವರಿಗೆ ಗೊತ್ತಾಗಿತ್ತು. ಒಂದು ಸಂಜೆ ನನ್ನ ಕೈ ಹಿಡಿದು ಹೇಳಿದರು: "ನಾನು ಹೋದ್ಮೇಲೆ ಭಾವ ಬಂದೇ ಬತ್ತಾರೆ ನೋಡು, ಮೀನು ಕೆರೆಗೆ ಬಿಡೋಣ ಅಂತ. ಅಳೋದಿದ್ರೆ ಹಿತ್ತಲಲ್ಲಿ ಅತ್ಕೋ. ಬಾಗಿಲಿಗೆ ಬರುವಾಗ ಕಣ್ಣು ಒರೆಸ್ಕೊಂಡು ಬಾ."

ಅತ್ತೆಯ ತಿಥಿಯ ದಿನ ದೊಡ್ಡಮಾವ ಬಂದರು. ಮನೆ ತುಂಬ ನೆಂಟರು, ಎಲೆ ಹಾಕುವ ಹೊತ್ತು. ನಾನು ಹಿತ್ತಲಲ್ಲಿದ್ದೆ, ಅತ್ತೆ ಹೇಳಿದ್ದನ್ನೇ ಮಾಡುತ್ತಿದ್ದೆ. ಒಳಗೆ ಬಂದರೆ ಬಾನಿಯ ಮೀನುಗಳೆಲ್ಲ ಬಕೆಟ್ಟಿನಲ್ಲಿವೆ. ನನ್ನ ಗಂಡ ಅದನ್ನು ಹಿಡಿದು, ದೊಡ್ಡಪ್ಪನಿಗೆ ಬೇಡ ಅನ್ನಲಾಗದೆ ನಿಂತಿದ್ದಾರೆ. ಬಕೆಟ್ಟಿನಲ್ಲಿ ಭಾವನ ಆಸ್ತಿ ಬಾಲ ಬಡಿಯುತ್ತಿದೆ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಕಣ್ಣು ಒರೆಸಿಕೊಂಡು ಹೋಗಿ ಹೊಸ್ತಿಲಿಗೆ ಅಡ್ಡ ನಿಂತೆ.

"ಜಾಗ ಬಿಡಮ್ಮಾ. ಕೆರೆ ಅಂದ್ರೆ ಜೀವ ಬಿಡ್ತಿದ್ಲು ಅವಳು. ಅಲ್ಲಿಗೇ ಬಿಟ್ರೆ ಆತ್ಮಕ್ಕೆ ಶಾಂತಿ ಸಿಗುತ್ತೆ" ಅಂದರು ದೊಡ್ಡಮಾವ.

"ಅವ್ರಿಗೆ ಶಾಂತಿ ಬೇಕಾಗಿರಲಿಲ್ಲ ದೊಡ್ಡಮಾವ, ಕೆರೆ ಬೇಕಾಗಿತ್ತು" ಅಂದೆ.

ದೊಡ್ಡಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಹಂಗಾದ್ರೆ ಇನ್ಮೇಲೆ ಈ ಮನೆ ನೀರು ಮುಟ್ಟಲ್ಲ" ಎಂದರು. ಅವರಿಗೆ ಹೊರಗೆ ಹೋಗಲು ಮಾತ್ರ ದಾರಿ ಬಿಟ್ಟೆ. ಹಿರಿಯರು ತಿಥಿ ಊಟ ಬಿಟ್ಟು ಎದ್ದುಹೋದರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ. ನನ್ನ ಗಂಡ ಬಕೆಟ್ ಎತ್ತಿಕೊಂಡು ಹೋಗಿ ಮೀನುಗಳನ್ನು ಬಾನಿಗೆ ಸುರಿದು ಬಂದರು.

ದೊಡ್ಡಮಾವ ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ. ಹಿರಿಯ ಜೀವ, ಹಸಿದು ಎದ್ದುಹೋದರಲ್ಲ ಎಂದು ನನಗೆ ಬೇಸರವಿದೆ. ಅಡ್ಡ ನಿಂತದ್ದಕ್ಕೆ ಬೇಸರವಿಲ್ಲ, ನಾಳೆ ಮತ್ತೆ ಬಂದರೆ ಮತ್ತೆ ನಿಲ್ಲುತ್ತೇನೆ. ಅಷ್ಟು ಧೈರ್ಯ ನನ್ನ ತವರಿನದಲ್ಲ, ಮುದ್ದೆಕೋಲು ಹಿಡಿದು ಏರಿ ಹತ್ತಿದವರು ಕೊಟ್ಟದ್ದು.

ಮೊನ್ನೆ ಹುಣ್ಣಿಮೆಯ ಬೆಳಗ್ಗೆ ಸೀರೆ ಎತ್ತಿ ಕಟ್ಟಿ ಕೆರೆಗೆ ಇಳಿದೆ. ಏರಿಯ ಮೇಲೆ ದೊಡ್ಡಮಾವ ನಿಂತಿದ್ದರು. ನೋಡಲಿ ಎಂದು ನಾನೂ ನಿಂತೆ. ಮೊಣಕಾಲುದ್ದ ನೀರಲ್ಲಿ ರಿಬ್ಬನ್ ಹುಲ್ಲು ಕಾಲಿಗೆ ತಾಗಿತು. ಅಂಚಿನಿಂದ ಒಂದು ಹಿಡಿ ಕಿತ್ತುಕೊಂಡು, ಅವರ ಮುಂದೆಯೇ ಏರಿ ಹತ್ತಿ ಮನೆಗೆ ಬಂದೆ.