ಹುತ್ತಕ್ಕೆ ಎರೆದ ಹಾಲು

ಪಕ್ಕದ ಮನೆಯ ಸೊಸೆ ಇವತ್ತು ಬೆಳಿಗ್ಗೆ ಒಂದು ಬಟ್ಟಲು ಗಿಣ್ಣ ತಂದುಕೊಟ್ಟಳು. ಅವರ ಎಮ್ಮೆ ಈದಿದೆಯಂತೆ. ಈದ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಉಗಿಯಲ್ಲಿ ಬೇಯಿಸಿದ್ದು, ಇನ್ನೂ ಬಿಸಿಯಿತ್ತು. ಮುಚ್ಚಿದ ತಾಟು ತೆಗೆದದ್ದೇ ತಡ, ಆ ವಾಸನೆ ಬಂತು, ಹಾಗೇ ಮುಚ್ಚಿಬಿಟ್ಟೆ. ಗಿಣ್ಣ ಎಂದರೆ ಬಾಯಿ ಬಾಯಿ ಬಿಡುವ ಜನರ ನಡುವೆ ನಾನೊಬ್ಬಳು ಹೀಗೆ. ನಲವತ್ತು ವರ್ಷದ ಮೇಲಾಯಿತು, ಒಂದು ಚಮಚ ತಿಂದವಳಲ್ಲ. ಮನೆಯವರು ಕೇಳಿದರೆ ಪಿತ್ತ ಎನ್ನುತ್ತೇನೆ. ಪಿತ್ತವೂ ಇಲ್ಲ ಗಿತ್ತವೂ ಇಲ್ಲ. ನನಗೆ ಟಾಂಗಾ ಕಾಕಾ ನೆನಪಾಗುತ್ತಾನೆ...

ಆಗ ಎಂಬತ್ತರ ದಶಕದ ಆರಂಭ. ಕೊಪ್ಪಳದಲ್ಲಿ ನಾನು ಸಾಲಿ ಅಕ್ಕಾರು, ಅಂದರೆ ಶಿಕ್ಷಕಿ. ಯಜಮಾನರಿಗೆ ಕುಷ್ಟಗಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಾನಿದ್ದ ಬಾಡಿಗೆ ಮನೆಯ ಹಿತ್ತಲಿಗೆ ಹೊಂದಿಕೊಂಡೇ ಟಾಂಗಾ ಕಾಕಾನ ಮನೆ. ಸ್ಟೇಶನ್ನಿನಿಂದ ಪೇಟೆಗೆ, ಪೇಟೆಯಿಂದ ಕಿನ್ನಾಳಕ್ಕೆ ಟಾಂಗಾ ಹೊಡೆಯುವುದು ಅವನ ಕೆಲಸ. ಆಳು ಆರಡಿ, ಅವನ ಕುದುರೆ ಮಾತ್ರ ಗಿಡ್ಡ ತಟ್ಟು, ಅದರ ಬೆನ್ನು ನನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. "ಕುದುರಿನ ಟಾಂಗಾದಾಗ ಕುಂದ್ರಿಸಿ ನೀನ ಎಳಿಯೋ ಮಾರಾಯ" ಎಂದು ಸ್ಟೇಶನ್ನಿನವರು ಕಾಡಿಸುತ್ತಿದ್ದರು. ಅವನು ನಗುತ್ತಿದ್ದ. ಆ ಹೆಣ್ಣು ಕುದುರೆಯನ್ನು ಅವನು ಹುಡುಗಿ ಎಂದೇ ಕರೆಯುತ್ತಿದ್ದ.

ಹುಡುಗಿ ಅದಕ್ಕೂ ಮೊದಲು ಎರಡು ಸಲ ಈದಿತ್ತು. ಎರಡೂ ಸಲ ಮರಿ ಹುಟ್ಟಿ ಕೆಲವೇ ದಿನಗಳಲ್ಲಿ ಕಾಲು ಸೆಟೆದು, ಬಾಯಿ ಕಚ್ಚಿಕೊಂಡು ಸತ್ತುಹೋಗಿತ್ತು. ಈಗ ಮೂರನೆಯ ಬಸಿರು. ವಯಸ್ಸಾಗಿತ್ತು, ಇದೇ ಕಡೆಯದು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. "ಒಂದರ ಉಳೀಬೇಕ್ರಿ ಅಕ್ಕಾರ. ಇಲ್ಲಂದ್ರ ಇದರ ಕುಲಾನ ಮುಗೀತು" ಎಂದು ಕಾಕಾ ಗೋಡೆಯ ಆಚೆಯಿಂದ ಹೇಳುತ್ತಿದ್ದ. ನನ್ನ ಹೊಟ್ಟೆಯಲ್ಲೂ ಕೂಸಿತ್ತು. ಕಾಕಾನ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಸಜ್ಜಿಯ ರೊಟ್ಟಿ ಬಡಿದರೆ ಒಂದು ನನಗೆ, ಒಂದು ಹುಡುಗಿಗೆ. ಇಬ್ಬರು ಬಸುರಿಯರನ್ನು ಸಾಕುತ್ತಿದ್ದೇನೆ ಎಂದು ಆಕೆಯ ಹೆಮ್ಮೆ.

ದನದ ದವಾಖಾನೆಗೆ ಆಗಷ್ಟೇ ಮೈಸೂರು ಕಡೆಯ ಹರೆಯದ ಡಾಕ್ಟರೊಬ್ಬರು ಬಂದಿದ್ದರು. ಸತ್ತ ಮರಿಗಳ ಕಥೆ ಕೇಳಿ, ಅದು ಧನುರ್ವಾಯು, ಹೊಕ್ಕಳದಿಂದ ವಿಷ ಏರುತ್ತದೆ, ತಾಯಿಗೆ ಬಸಿರಿನಲ್ಲೇ ಸೂಜಿ ಹಾಕಿದರೆ ಮರಿ ಉಳಿಯುತ್ತದೆ ಎಂದರು. ಕಾಕಾ ಒಪ್ಪಲಿಲ್ಲ. "ಬಸುರ ಕುದುರಿಗೆ ಚುಚ್ಚಿದ್ರ ಕಂದು ಹಾಕತೈತ್ರಿ ಸಾಹೇಬ್ರ. ಹೊಟ್ಟ್ಯಾಗಿಂದು ಇಳಿದುಹೋದ್ರ ನಾ ಏನ್ ಮಾಡ್ಲಿ?" ಡಾಕ್ಟರೂ ಜೋರು ಮಾಡುವ ಪೈಕಿ ಅಲ್ಲ. ಮನೆಗೆ ಬಂದು ಕುದುರೆಯ ಹೊಟ್ಟೆ ಮುಟ್ಟಿ ನೋಡಿ ಹೋಗುವುದು, ಮತ್ತೆ ಬರುವುದು. ತೀರಾ ಮೊದಲೇ ಹಾಕಿದರೆ ಈಯುವ ಹೊತ್ತಿಗೆ ಅದರ ಬಲ ಇಳಿದಿರುತ್ತದೆ, ತಡವಾದರೆ ಬಲ ಬರುವುದರೊಳಗೆ ಮರಿ ಹುಟ್ಟಿರುತ್ತದೆ ಎಂದು ಅವರಿಗೂ ಅಳುಕು.

ಕಡೆಗೆ ಕಾಕಾನ ಮನಸ್ಸು ತಿರುಗಿದ್ದು ನನ್ನಿಂದ. ಸರ್ಕಾರಿ ದವಾಖಾನೆಯಲ್ಲಿ ಬಸುರಿಯರಿಗೆ ಹಾಕುವ ಸೂಜಿ ಹಾಕಿಸಿಕೊಂಡು, ಊದಿದ ತೋಳು ಹಿಡಿದುಕೊಂಡು ಅವನದೇ ಟಾಂಗಾದಲ್ಲಿ ಮನೆಗೆ ಬಂದಿದ್ದೆ. ಇದೂ ಧನುರ್ವಾಯುವಿನದೇ ಎಂದೆ. ಕಾಕಾ ಹಿಂದೆ ತಿರುಗಿ ನನ್ನ ತೋಳನ್ನೂ ಹೊಟ್ಟೆಯನ್ನೂ ನೋಡಿದ. ದಿನವೂ ಗೋಡೆಯಾಚೆಯಿಂದ "ಆರಾಮ ಅದೀರೇನ್ರಿ?" ಎಂದು ಕೇಳತೊಡಗಿದ. ನಾನು ಆರಾಮವಾಗಿಯೇ ಇದ್ದೆ. ಆಮೇಲೊಂದು ದಿನ ತಾನೇ ಹೋಗಿ ಡಾಕ್ಟರನ್ನು ಕರೆತಂದ.

ಯಾವಾಗ ಗಂಡು ಬಿಡಿಸಿದ್ದು ಎಂದು ಡಾಕ್ಟರು ಕೇಳಿದರೆ ಕಾಕಾನಿಗೆ ತಾರೀಖು ಎಲ್ಲಿಂದ ಬರಬೇಕು? "ಹುಬ್ಬಿ ಮಳಿ ಹಿಡಿದಿತ್ರಿ, ಕನಕಗಿರಿ ಸಂತಿ ಮುಗಿಸಿ ಬರೂ ಮುಂದ" ಎಂದ. ಅದರ ಮೇಲೆ ಹನ್ನೊಂದು ತಿಂಗಳು ಎಣಿಸಿ, ಮಳೆಗಳ ಹೆಸರಿನಲ್ಲೇ ಇಬ್ಬರೂ ಲೆಕ್ಕ ಹಾಕಿದರು. ಹುಡುಗಿ ಎಂದೂ ಸೂಜಿ ಕಂಡಿರದ ಕುದುರೆ, ಆದ್ದರಿಂದ ಎರಡು ಸಲ ಹಾಕಬೇಕು. ಮಿರಗ ಕೂಡುವ ಮುಂಚೆ ಒಂದು, ಆರಿದ್ರೆ ಮುಗಿಯುವಾಗ ಇನ್ನೊಂದು. ಎರಡನೆಯದು ಈಯುವುದಕ್ಕೆ ತಿಂಗಳಷ್ಟು ಮೊದಲು ಬೀಳುವಂತೆ. ಕಾಕಾ ತನ್ನ ರುಮಾಲು ಬಿಚ್ಚಿ ಹುಡುಗಿಯ ಕಣ್ಣಿಗೆ ಕಟ್ಟಿದ, ಕಿವಿಯಲ್ಲಿ ಏನೋ ಹೇಳುತ್ತಾ ನಿಂತ. ಡಾಕ್ಟರು ಕುತ್ತಿಗೆಗೆ ಚುಚ್ಚಿದರು. ಅದು ಬಾಲ ಕೂಡ ಅಲ್ಲಾಡಿಸಲಿಲ್ಲ, ನಡುಗಿದ್ದು ಕಾಕಾನೇ. ಸೂಜಿ ಹಾಕಿದ ಮೇಲೆ ಎಷ್ಟೋ ದಿನ ಟಾಂಗಾ ಕಟ್ಟಲಿಲ್ಲ. ಸ್ಟೇಶನ್ನಿನಲ್ಲಿ ಹಮಾಲಿ ಮಾಡಿ ಹೊಟ್ಟೆ ಹೊರೆದ.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಎರಡು ಸೂಜಿಗಳ ನಡುವೆ ನನ್ನ ಹೆರಿಗೆಯಾಯಿತು, ಬಾಣಂತನ ಮಾಡಿದ್ದು ಕಾಕುವೇ. ಮೊದಲ ಹಳದಿ ಹಾಲು ಕೂಸಿಗೆ ಜಡ ಎಂದು ಹಿಂಡಿ ಚೆಲ್ಲಿದಳು, ಬೆಲ್ಲದ ನೀರಿನಲ್ಲಿ ಅರಳೆ ಅದ್ದಿ ಬಾಯಿಗಿಟ್ಟಳು. ಆಗ ಎಲ್ಲರ ಮನೆಯಲ್ಲೂ ಹಾಗೆಯೇ. ಮಗ ಗುಂಡುಗುಂಡಾಗಿ ಬೆಳೆದ. ಕಾಕಾ ಅವನಿಗೆ ಕಿನ್ನಾಳದಿಂದ ಬಣ್ಣದ ಮರದ ಕುದುರೆ ತಂದುಕೊಟ್ಟ. "ಖರೇ ಕುದುರಿ ಬರಾಕತ್ತೈತಿ ತಡಿಯೋ ಸಾವ್ಕಾರ" ಎಂದು ಕೂಸಿಗೆ ಹೇಳುತ್ತಿದ್ದ.

ಲೆಕ್ಕ ಹಾಕಿದ ಮಳೆಯಲ್ಲೇ, ಒಂದು ಬೆಳಗಿನ ಜಾವ ಹುಡುಗಿ ಈದಿತು. ಹೆಣ್ಣು ಮರಿ. ಕೆಂಪು ಮೈ, ಹಣೆಯ ಮೇಲೆ ಬಿಳಿ ಬೊಟ್ಟು. ಡಾಕ್ಟರು ಆ ದಿನಗಳಲ್ಲಿ ದನಗಳ ರೋಗ ಬಂದಿದೆಯೆಂದು ಯಲಬುರ್ಗಾದ ಹಳ್ಳಿಗಳಿಗೆ ಹೋಗಿದ್ದರು. ಮರಿ ಅರ್ಧ ಗಂಟೆಯಲ್ಲೇ ಎದ್ದು ಮೊಲೆಗೆ ಬಾಯಿ ಹಾಕಲು ಹೋಯಿತು. ಕಾಕಾ ಅದನ್ನು ತಬ್ಬಿ ಹಿಡಿದುಕೊಂಡ. ಹಿಂದಿನ ಎರಡೂ ಸಲ ಹುಡುಗಿ ಯಾರೂ ಇಲ್ಲದಾಗ ಈದು, ಕಸ, ಅಂದರೆ ಮಾಸು, ಬೀಳುವ ಮೊದಲೇ ಮರಿ ಹಾಲು ಕುಡಿದುಬಿಟ್ಟಿತ್ತು. ಹಾಲಿಗೆ ದೃಷ್ಟಿಯಾಗಿತ್ತು, ಮೊದಲ ಹಾಲನ್ನು ಹುತ್ತಕ್ಕೆ ಎರೆಯಲಿಲ್ಲ, ಅದಕ್ಕೇ ಸತ್ತವು ಎಂದು ಗಂಡ ಹೆಂಡತಿ ಇಬ್ಬರೂ ನಂಬಿದ್ದರು. ಈ ಸಲ ಅವರು ಯಾವ ತಪ್ಪಿಗೂ ಎಡೆ ಕೊಡಲಿಲ್ಲ. ಆ ಇಡೀ ದಿನ ಕಾಕು ಹುಡುಗಿಯ ಹಾಲನ್ನು ಒಂದು ಹನಿ ಉಳಿಯದಂತೆ ಚರಿಗೆಗೆ ಹಿಂಡಿ ಹಿಂಡಿ ತೆಗೆದಳು. ಕಾಕಾ ಬರಿಗಾಲಲ್ಲಿ ಹೋಗಿ ಹಿತ್ತಲಿನ ಹುತ್ತಕ್ಕೆ ಎರೆದು ಕೈಮುಗಿದ. ಅವತ್ತು ಮರಿಗೆ ಆಡಿನ ಹಾಲು, ಮರುದಿನ ತಾಯಿಯ ಬಳಿ ಬಿಟ್ಟರು. ನಾನು ಕೂಸನ್ನು ಎತ್ತಿಕೊಂಡು ನಿಂತು ಎಲ್ಲವನ್ನೂ ನೋಡುತ್ತಿದ್ದೆ, ನನ್ನ ಕಣ್ಣಿಗೂ ಅದು ಚೆಂದವಾಗಿಯೇ ಕಂಡಿತ್ತು.

ವಾರ ಕಳೆದಿರಬೇಕು. ಮರಿ ಹುಲ್ಲಿನ ಮೇಲೆ ಕಿನ್ನಾಳದ ಬೊಂಬೆಯ ಹಾಗೆ ನಾಲ್ಕೂ ಕಾಲು ಬಿಗಿದು ನಿಂತಿತ್ತು. ಕಿವಿ ನೆಟ್ಟಗೆ. ನನ್ನ ಕೈಯಿಂದ ತಂಬಿಗೆ ಜಾರಿ ಬಿದ್ದ ಸದ್ದಿಗೆ ಮೈಯೆಲ್ಲ ಅದುರಿ ಅಡ್ಡಬಿದ್ದಿತು. ಕಾಕಾ ಹಾಲಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಬಾಯಿಗಿಡಲು ಹೋದ, ಬಾಯಿ ಬಿಡಲಿಲ್ಲ. ಸುದ್ದಿ ತಿಳಿದು ಡಾಕ್ಟರು ಧೂಳುಗಾಲಲ್ಲೇ ಓಡಿಬಂದರು. ನೋಡಿದರು. ಸೂಜಿ ಎರಡೂ ಸರಿಯಾಗಿ ಬಿದ್ದಿವೆ, ಹೀಗಾಗುವಂತಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕೇಳಿದರು, "ಹುಟ್ಟಿದ ತಕ್ಷಣ ತಾಯಿ ಹಾಲು ಕುಡೀತಲ್ವಾ?"

"ಒಂದು ಹನಿ ಬಿಡಲಿಲ್ರಿ ಸಾಹೇಬ್ರ" ಎಂದ ಕಾಕಾ, ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಧೈರ್ಯವಿತ್ತು. "ಎಲ್ಲಾ ಹುತ್ತಕ್ಕ ಹಾಕೀವಿ."

ಡಾಕ್ಟರು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. "ಅದ್ರಲ್ಲೇ ಇತ್ತು ಕಣಪ್ಪಾ... ಸೂಜೀದೆಲ್ಲಾ ಆ ಹಾಲಲ್ಲೇ ಇತ್ತು. ಕುಡಿಸ್ದೇ ಇರ್ತೀರ ಅಂತ ನಂಗೆ ಹೊಳೀಲೇ ಇಲ್ವಲ್ಲಪ್ಪಾ."

ಕಾಕಾನಿಗೆ ಒಮ್ಮೆಗೇ ತಿಳಿಯಲಿಲ್ಲ. ನನ್ನ ತೋಳಲ್ಲಿದ್ದ ಮಗನನ್ನು ತೋರಿಸಿದ. "ಅಕ್ಕಾರ ಕೂಸಿಗೂ ನಾವು ಕುಡಿಸಿಲ್ರಿ. ಆರಾಮ ಐತಲ್ರಿ?" ಮನುಷ್ಯರಲ್ಲಿ ತಾಯಿ ಆ ಬಲವನ್ನು ಹೊಟ್ಟೆಯೊಳಗೇ ಕೂಸಿಗೆ ಕೊಟ್ಟಿರುತ್ತಾಳೆ, ಕುದುರೆಗೆ ಹಾಗೆ ಕೊಡಲು ಬರುವುದಿಲ್ಲ, ಮೊದಲ ಹಾಲೊಂದೇ ದಾರಿ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಕಾಕಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಸಂಜೆಗೆ ಮರಿ ಸತ್ತಿತು.

ಹುಡುಗಿಯ ಕೆಚ್ಚಲು ತುಂಬಿ ಹಾಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹಿಂಡಲು ಕಾಕು ಚರಿಗೆ ತಂದರೆ ಕಾಕಾ ಬಿಡಲಿಲ್ಲ. ಅವತ್ತಿನಿಂದ ಅವರಿಬ್ಬರ ನಡುವೆ ಮಾತು ಕಡಿಮೆಯಾಯಿತು. ಒಂದು ದಿನ ಅವನು ನಮ್ಮ ಅಂಗಳಕ್ಕೆ ಬಂದು, ಮರದ ಕುದುರೆ ಚೀಪುತ್ತಿದ್ದ ಮಗನನ್ನು ಬಹಳ ಹೊತ್ತು ನೋಡಿದ. "ಇದ್ಯಾಂಗ ಉಳೀತ್ರಿ ಅಕ್ಕಾರ?" ಎಂದ. ಹೊಟ್ಟೆಕಿಚ್ಚಿನ ದನಿಯಲ್ಲ. ನಿಜಕ್ಕೂ ಕೇಳಿದ್ದ. ಕೂಸು ಬದುಕಿದ್ದಕ್ಕೆ ತಾಯಿಯೊಬ್ಬಳು ತಲೆತಗ್ಗಿಸಿ ನಿಲ್ಲಬೇಕಾದೀತು ಎಂದು ನಾನು ಎಣಿಸಿರಲಿಲ್ಲ. ಆಮೇಲೆ ಅವನು ನಮ್ಮ ಅಂಗಳಕ್ಕೆ ಬರಲಿಲ್ಲ.

ಮುಂದಿನ ಬೇಸಿಗೆಗೆ ಹುಡುಗಿಯೂ ಹೋಯಿತು. ಡಾಕ್ಟರಿಗೆ ವರ್ಗವಾಯಿತು. ಕಾಕಾ ಗಂಗಾವತಿಯ ಅಕ್ಕಿ ಮಿಲ್ಲಿಗೆ ಚೀಲ ಹೊರಲು ಹೋದ, ಅಲ್ಲೇ ತೀರಿಕೊಂಡ ಎಂಬ ಸುದ್ದಿ ಬಂತು, ಯಾವಾಗ ಎಂಬುದು ಕೂಡ ಸರಿಯಾಗಿ ಗೊತ್ತಾಗಲಿಲ್ಲ. ಅಷ್ಟು ಜೋಪಾನ ಮಾಡಿದವನನ್ನು, ಆ ಜೋಪಾನವೇ ತಿಂದುಹಾಕಿತು. ಇದರಲ್ಲಿ ಯಾರನ್ನು ಬೈಯಲಿ ಎಂದು ಇಷ್ಟು ವರ್ಷ ಹುಡುಕಿದ್ದೇನೆ, ಒಬ್ಬರೂ ಸಿಕ್ಕಿಲ್ಲ.

ಬಟ್ಟಲು ತೆಗೆದುಕೊಂಡು ಹೋಗಲು ಆ ಸೊಸೆ ಮತ್ತೆ ಬಂದಳು. ಕರುವಿಗೆ ಮೊದಲು ಕುಡಿಸಿದಿರೇನು ಎಂದು ಕೇಳಿದೆ. "ಗಂಡುಗರ ಐತ್ರಿ ಅಮ್ಮಾರ. ಅದಕ್ಕೆಲ್ಲಿ ಕುಡಿಸ್ಕೋತ ಕೂಡೂದ್ರಿ?" ಎಂದು ನಕ್ಕಳು. ಆಕೆಯನ್ನು ಕೂರಿಸಿಕೊಂಡು ಟಾಂಗಾ ಕಾಕಾನ ಕಥೆಯನ್ನು ಮೊದಲಿನಿಂದ ಹೇಳಿದೆ, ಯಾರಿಗೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು. "ಪಾಪರಿ" ಎಂದಳು. ಆಮೇಲೆ ಬಟ್ಟಲನ್ನು ನನ್ನ ಕಡೆ ಸರಿಸಿ, "ತಿನ್ರಿ ಅಮ್ಮಾರ, ಕೆಟ್ಟು ಹೋಗತೈತಿ" ಎಂದಳು. ಅವರ ಹಿತ್ತಲಿನಿಂದ ಕರು ಒಂದೇ ಸಮನೆ ಕೂಗುತ್ತಿತ್ತು.